ತಾನಾಗಿ ಬಂದ ಭಾಷೆ, ಹೇರಿದ ಭಾಷೆ



ಈ ಪತ್ರಿಕೆಯನ್ನು ನೀವು ಅಡಿಗೆಮನೆಯಲ್ಲೇ ಕೂತು ಓದುತ್ತಿದ್ದರೆ ಒಂದು ಸಣ್ಣ ಕೆಲಸ ಮಾಡಿ. ಸುತ್ತ ಕಣ್ಣಿಗೆ ಬೀಳುವ ಸಾಮಾನುಗಳ ಹೆಸರನ್ನು ಒಂದೊಂದಾಗಿ ಹೇಳಿಕೊಳ್ಳಿ. ನಮ್ಮ ಜಮಖಂಡಿ, ಮುಧೋಳದ ಕಡೆಯವರಾದರೆ ತಾಟು ಎನ್ನುತ್ತೀರಿ, ವಾಟಗ ಎನ್ನುತ್ತೀರಿ, ಭಾಂಡೆ ತಿಕ್ಕುವುದು ಇನ್ನೂ ಉಳಿದಿದೆ ಎನ್ನುತ್ತೀರಿ. ಮೂರೂ ಮರಾಠಿಯಿಂದ ಬಂದವು. ಬುಟ್ಟಿಯಲ್ಲಿರುವ ಬಟಾಟಿಯ ಹೆಸರು ಪೋರ್ಚುಗೀಸರದು. ಯಜಮಾನರು ತಿಂಗಳ ಮೊದಲಿಗೆ ತರುವ ಪಗಾರವೂ ಅವರದೇ ಮಾತು. (ಮಾತು ಯಾರದಾದರೂ ಇರಲಿ, ಹದಿನೈದನೇ ತಾರೀಖಿಗೆ ಅದು ಮುಗಿಯುವುದು ತಪ್ಪಿಲ್ಲ.) ಅತ್ತೆಯವರು ಕೂತ ಕುರ್ಚಿ ಅರಬ್ಬಿ, ಕೈಯಲ್ಲಿರುವ ಚಮಚ ಪಾರಸಿ ಕಡೆಯದು. ಒಲೆ, ಹಂಚು, ಒರಳು, ಉಪ್ಪು, ಎಣ್ಣೆ ಇವು ನಮ್ಮ ಹಳೇ ಕನ್ನಡದವು. ಒಂದು ಹೊತ್ತಿನ ಅಡಿಗೆ ಆಗಬೇಕಾದರೆ ನಾಲ್ಕೈದು ಭಾಷೆ ಕೈಗೂಡಿಸುತ್ತವೆ ನೋಡಿ.

ಇವುಗಳನ್ನು ಒಳಗೆ ಬಿಟ್ಟುಕೊಳ್ಳಿರೆಂದು ಯಾರೂ ಹುಕುಂ ಹೊರಡಿಸಲಿಲ್ಲ. ಮಿರಜಿನಿಂದ ಒಬ್ಬ ಸೊಸೆ ಬಂದಳು, ಅವಳ ಜೊತೆ ಹತ್ತು ಮಾತು ಬಂದವು. ಇಚಲಕರಂಜಿಗೆ, ಸೊಲ್ಲಾಪುರಕ್ಕೆ ಸೀರೆ ಒಯ್ದವರು ಬರುವಾಗ ಇನ್ನಷ್ಟು ತಂದರು. ನಮ್ಮವೂ ಆ ಕಡೆ ಹೋಗಿ ಕೂತಿವೆ. ಮರಾಠಿ ಮನೆಗಳಲ್ಲಿ ಅಕ್ಕಾ, ಅಣ್ಣಾ ಎಂದು ಕರೆಯುವುದು ನಮ್ಮ ಮಾತಿನಿಂದಲೇ. ಆಷಾಢದಲ್ಲಿ ನಮ್ಮೂರಿನಿಂದ ಪಂಢರಪುರಕ್ಕೆ ದಿಂಡಿ ಹೊರಡುತ್ತದಲ್ಲ, ಆ ವಿಠ್ಠಲನನ್ನು ಮರಾಠಿಯ ಜ್ಞಾನೇಶ್ವರರೇ ಕರ್ನಾಟಕದವನೆಂದು ಹಾಡಿದ್ದಾರೆ. ದೇವರಿಗೇ ಎರಡು ಭಾಷೆ ಇರುವಾಗ ನಮ್ಮ ನಿಮ್ಮ ಪಾಡೇನು!

ಈ ಮಾತು ಈಗ ಯಾಕೆ ತೆಗೆದೆ ಎಂದರೆ, ಹೋದ ತಿಂಗಳು ನಮ್ಮ ಓಣಿಯ ಅರಿಷಿಣ ಕುಂಕುಮದಲ್ಲಿ ಒಬ್ಬ ಹುಡುಗಿ, ಕಾಲೇಜು ಓದಿದಾಕೆ, ಕೇಳಿದಳು: "ಅಕ್ಕಾರ, ಇಡೀ ದೇಶಕ್ಕ ಒಂದ ಭಾಷಾ ಇದ್ದರ ಎಷ್ಟ ಚಲೋ ಅಲ್ಲೇನ್ರಿ? ಎಲ್ಲಿ ಹೋದರೂ ತ್ರಾಸ ಇರೂದಿಲ್ಲ." ಪ್ರಶ್ನೆ ಸಹಜವಾದದ್ದೇ. ಎಷ್ಟೋ ಮಂದಿ ದೊಡ್ಡವರೂ ಹೀಗೇ ಹೇಳುತ್ತಾರೆ. ಆದರೆ ನಮ್ಮ ನಾಲ್ಕು ಊರಿನ ಹೆಂಗಸರು ಈ ಪ್ರಶ್ನೆಗೆ ಪುಸ್ತಕ ನೋಡಿ ಉತ್ತರ ಹೇಳಬೇಕಾಗಿಲ್ಲ. ನಮ್ಮ ಅಜ್ಜಿಯರು ಅದನ್ನು ಬಾಳಿ ನೋಡಿದ್ದಾರೆ.

1948ರ ಮಾರ್ಚ್ 8ರವರೆಗೆ ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ. ರಬಕವಿ ಸಾಂಗಲಿಯವರಿಗೆ ಸೇರಿತ್ತು. ಬೀಳಗಿ ಮಾತ್ರ ಇಂಗ್ಲಿಷರ ವಿಜಾಪುರ ಜಿಲ್ಲೆಯಲ್ಲಿತ್ತು. ಹೊಲದಲ್ಲಿ, ಮಗ್ಗದ ಮುಂದೆ, ಬಾವಿಕಟ್ಟೆಯಲ್ಲಿ ಜನ ಆಡುವುದು ಕನ್ನಡ, ಆದರೆ ಸಂಸ್ಥಾನದ ಕಚೇರಿ ಮರಾಠಿ. ಅದನ್ನೂ ಬರೆಯುತ್ತಿದ್ದುದು ಮೋಡಿ ಲಿಪಿಯಲ್ಲಿ. ಮೋಡಿ ನೋಡಿದ್ದೀರಾ? ಒಂದು ಅಕ್ಷರ ಇನ್ನೊಂದರ ಬಾಲ ಹಿಡಿದು ಓಡುತ್ತದೆ. ಮರಾಠಿ ಮಾತಾಡಬಲ್ಲವನಿಗೂ ಕಲಿಯದೆ ಓದಲಾಗದು. ರಾಜರು ಕೆಟ್ಟವರಿದ್ದರೆಂದು ನಾನು ಹೇಳುತ್ತಿಲ್ಲ. ಶಾಲೆ ಕಟ್ಟಿಸಿದರು, ಕೆರೆ ಕಟ್ಟಿಸಿದರು. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ ಗುರುದೇವ ರಾನಡೆಯವರು ಇಲ್ಲಿಯ ಹೈಸ್ಕೂಲಿನಲ್ಲೇ ಓದಿ ದೊಡ್ಡ ತತ್ವಜ್ಞಾನಿ ಆದರು. ಅವರು ಮರಾಠಿ ಸಂತರ ಮೇಲೆ ಗ್ರಂಥ ಬರೆದರು, ಹಿಂದಿ ಸಂತರ ಮೇಲೆ ಒಂದು, ಕನ್ನಡದ ಶರಣರು ದಾಸರ ಮೇಲೆ ಇನ್ನೊಂದು. ಯಾವುದನ್ನೂ ಇನ್ನೊಂದರ ಕೆಳಗೆ ಕೂಡಿಸಲಿಲ್ಲ. ಅಂಥ ಹಿರಿಯರನ್ನು ಕೊಟ್ಟ ಊರಲ್ಲೇ ಸಾಮಾನ್ಯ ಒಕ್ಕಲಿಗನ ಹೆಂಡತಿಗೆ ತನ್ನ ಮನೆಯ ಕಾಗದದಲ್ಲಿ ಏನಿದೆ ಎಂಬುದು ತಿಳಿಯುತ್ತಿರಲಿಲ್ಲ.

ನಮ್ಮ ಅಜ್ಜಿ ಹೇಳುತ್ತಿದ್ದರು, "ಕಾಗದ ಬಂತಂದ್ರ ಎದಿ ಡವಡವ ಅನ್ನತಿತ್ತವ್ವ. ಕುಲಕರ್ಣ್ಯಾರು ಓದಿದ್ದ ಖರೇ. ಅವರು ಹೆಬ್ಬಟ್ಟ ಒತ್ತು ಅಂದಲ್ಲಿ ಒತ್ತೂದು." ಗಂಡಸರು ಚಾವಡಿಗೆ, ಸಂತೆಗೆ ಓಡಾಡಿ ಅಷ್ಟಿಷ್ಟು ಮರಾಠಿ ಹಿಡಿದುಕೊಂಡರು. ಹೆಂಗಸರಿಗೆ ಆ ದಾರಿಯೂ ಇರಲಿಲ್ಲ. ಕಚೇರಿಯ ಭಾಷೆ ಮನೆಯ ಭಾಷೆಯಿಂದ ಬೇರೆಯಾದ ದಿನ ಮೊದಲು ಬಾಗಿಲ ಹೊರಗೆ ನಿಲ್ಲುವವಳು ಆ ಮನೆಯ ಹೆಂಗಸು. ಇದನ್ನು ರಾಜಕೀಯ ಮಾತಾಡುವ ಗಂಡಸರು ಹೆಚ್ಚಾಗಿ ಹೇಳುವುದಿಲ್ಲ, ಅದಕ್ಕೇ ನಾನು ಹೇಳಬೇಕಾಯಿತು.

ಇದರ ಪೆಟ್ಟು ಎಷ್ಟು ದೂರ ಬರುತ್ತದೆ ಕೇಳಿ. ನನಗೆ ತಿಳಿದ ಒಂದು ಮನೆ, ಮುಧೋಳದ ಕಡೆಯದು. ಕೆಲವು ವರ್ಷದ ಹಿಂದೆ ಅಣ್ಣತಮ್ಮಂದಿರ ಪಾಲಾಗುವಾಗ ಟ್ರಂಕಿನ ತಳದಲ್ಲಿ ಮೋಡಿಯಲ್ಲಿ ಬರೆದ ನಾಲ್ಕು ಕಾಗದ ಸಿಕ್ಕವು. ಊರಲ್ಲಿ ಓದುವವರು ಯಾರೂ ಇಲ್ಲ. ಸಾಂಗಲಿ ಕಡೆ ಒಬ್ಬ ವಯಸ್ಸಾದ ಗೃಹಸ್ಥರನ್ನು ಹುಡುಕಿ, ದಕ್ಷಿಣೆ ಕೊಟ್ಟು ಓದಿಸಿದರು. ಮೂರು ಕಾಗದ ಸಾಲದವು. ನಾಲ್ಕನೆಯದರಲ್ಲಿ ಆ ಮನೆಯ ಮಗಳಿಗೆ ಅರಿಷಿಣ ಕುಂಕುಮಕ್ಕೆಂದು ಎರಡು ಎಕರೆ ಹೊಲ ಬಿಟ್ಟುಕೊಟ್ಟ ವಿಷಯ ಬರೆದಿತ್ತು. ಆ ಮಗಳು ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳಕೊಂಡು ತವರಿಗೆ ಬಂದು, ಅಣ್ಣನ ಮನೆಯಲ್ಲಿ ಜೀವಮಾನವಿಡೀ ಕಸ ಮುಸುರೆ ಮಾಡಿ, ಉಂಡದ್ದಕ್ಕೆ ಮಾತು ಕೇಳಿ ತೀರಿಹೋಗಿದ್ದರು. ಆ ಟ್ರಂಕನ್ನು ವರ್ಷಕ್ಕೊಮ್ಮೆ ದೀಪಾವಳಿಗೆ ಒರೆಸಿ ಇಡುತ್ತಿದ್ದವರೂ ಅವರೇ ಅಂತೆ. ಅಣ್ಣನಿಗೆ ಕಾಗದದ ವಿಷಯ ಗೊತ್ತಿತ್ತೋ ಇಲ್ಲವೋ, ದೇವರೇ ಬಲ್ಲ. ಕಾಗದ ಕನ್ನಡದಲ್ಲಿ ಇದ್ದಿದ್ದರೆ ಶಾಲೆಗೆ ಹೋಗುವ ಓಣಿಯ ಯಾವುದಾದರೂ ಹುಡುಗ ಆಕೆಗೆ ಓದಿ ಹೇಳುತ್ತಿದ್ದ.

ಆಗೆಲ್ಲ ಕನ್ನಡ ಎಲ್ಲಿತ್ತು? ಅಟ್ಟದ ಮೇಲಿತ್ತು. ಇದು ಅಲಂಕಾರದ ಮಾತಲ್ಲ. ವಿಜಾಪುರದ ವಕೀಲರು ಫ. ಗು. ಹಳಕಟ್ಟಿಯವರು ವಚನದ ತಾಳೆಗರಿಗಳನ್ನು ಹುಡುಕುತ್ತ ಮನೆಮನೆ ಅಲೆದರಲ್ಲ, ನಮ್ಮ ರಬಕವಿ-ಬನಹಟ್ಟಿಯ ಮನೆಯೊಂದರಲ್ಲೂ ಅವರಿಗೆ ಗರಿಯ ಕಟ್ಟುಗಳು ಸಿಕ್ಕವು. ಅಂಥವನ್ನೆಲ್ಲ ಕೂಡಿಸಿ 1923ರಲ್ಲಿ ಅವರು 'ವಚನಶಾಸ್ತ್ರಸಾರ' ಹೊರತಂದರು. ಅತ್ತ ಧಾರವಾಡದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು 1860ರ ಸುಮಾರಿನಿಂದಲೇ ಕನ್ನಡ ಶಾಲೆಗಳಿಗಾಗಿ ಊರೂರು ತಿರುಗಿದ್ದರು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಸಂಸ್ಥಾನಗಳು ಮುಂಬಯಿ ಪ್ರಾಂತಕ್ಕೆ ಸೇರಿ, 1956ರ ನವೆಂಬರ್ 1ಕ್ಕೆ ನಾವೆಲ್ಲ ಮೈಸೂರು ರಾಜ್ಯಕ್ಕೆ ಬಂದೆವು. ಜಮಖಂಡಿ ಸಂಸ್ಥಾನದ ಕಡೇ ದಿನಗಳಲ್ಲಿ ಮುಖ್ಯಮಂತ್ರಿಯಾಗಿದ್ದ ಸಾವಳಗಿಯ ಬಿ. ಡಿ. ಜತ್ತಿಯವರೇ 1958ರಲ್ಲಿ ಆ ದೊಡ್ಡ ರಾಜ್ಯದ ಮುಖ್ಯಮಂತ್ರಿಯಾದರು. ಮುಂದೆ ಉಪರಾಷ್ಟ್ರಪತಿಗಳೂ ಆದರು. ತಲಾಠಿಯ ಕಾಗದ ಕನ್ನಡವಾಯಿತು. ಹಾಗಂತ ನಮ್ಮ ಮನೆಯಿಂದ ತಾಟು, ವಾಟಗ ಹೊರಗೆ ಹೋದವೇ? ಅಭಂಗ ಹಾಡುವುದು ನಿಂತಿತೇ? ಹುಕುಂ ಹೋಯಿತು, ಭಾಷೆ ಉಳಿಯಿತು. ಮರಾಠಿ ಈಗಲೂ ನಮಗೆ ಬೀಗರ ಭಾಷೆ.

ಇನ್ನು ಹಿಂದಿಯ ಮಾತು. ನಾನು ಹೈಸ್ಕೂಲಿನಲ್ಲಿದ್ದಾಗ ಹಿಂದಿ ಪ್ರಚಾರ ಸಭೆಯ ಪ್ರಾಥಮಿಕ, ಮಧ್ಯಮಾ ಪರೀಕ್ಷೆ ಕಟ್ಟಿ ಪಾಸಾದವಳು. ನಿಮ್ಮಲ್ಲೂ ಎಷ್ಟೋ ಮಂದಿ ಕಟ್ಟಿರಬಹುದು. ಯಾರೂ ನಮ್ಮನ್ನು ದೂಡಿರಲಿಲ್ಲ, ಹಳೆಯ ಹಿಂದಿ ಸಿನಿಮಾ ಹಾಡಿನ ಅರ್ಥ ತಿಳಿಯಬೇಕೆಂಬ ಆಸೆಯೇ ಮುಕ್ಕಾಲು ಪಾಲು! ಆ ಭಾಷೆಯ ಮೇಲೆ ನನಗೆ ಸಿಟ್ಟಿಲ್ಲ.

ಆದರೆ ಬ್ಯಾಂಕಿನ ಕೌಂಟರಿನ ಮುಂದೆ ಕಂಡದ್ದನ್ನು ಹೇಳದೆ ಇರಲಾರೆ. ಕಂಡಿಕೆ ಸುತ್ತಿ ಸುತ್ತಿ ಬೆರಳು ಸವೆದ ಒಬ್ಬ ಮುದುಕಿ ತನ್ನ ಪಿಂಚಣಿ ಬಂದಿದೆಯೋ ಇಲ್ಲವೋ ಎಂದು ಕೇಳುತ್ತಿದ್ದಳು. ಒಳಗೆ ಕೂತವನು ದೂರದ ರಾಜ್ಯದ ಹುಡುಗ. "ಹಿಂದಿ ಮೇ ಬೋಲೋ ಮಾಜಿ" ಎಂದ. ಅವಳು, "ಏನಂತಾನ ಯವ್ವಾ, ನನ್ನ ರೊಕ್ಕ ಇಲ್ಲಂತಾನೇನು?" ಎಂದು ನನ್ನ ಮುಖ ನೋಡಿದಳು. ನಾನು ನಡುವೆ ನಿಂತು ಹೇಳಿದೆ, ಕೆಲಸ ಆಯಿತು. ಹುಡುಗ ಒರಟನಲ್ಲ. ಅವನ ತಾಯಿಯೂ ಎಲ್ಲೋ ಮಗನ ದಾರಿ ಕಾಯುತ್ತಿರಬೇಕು. ಇಲ್ಲಿಗೆ ಕಳಿಸುವ ಮೊದಲು ಅವನಿಗೆ ನಾಲ್ಕು ತಿಂಗಳು ಕನ್ನಡ ಕಲಿಸಬೇಕೆಂದು ಮೇಲಿನವರಿಗೆ ಹೊಳೆಯಲಿಲ್ಲವಲ್ಲ, ಅದು ನನಗೆ ಸಿಟ್ಟು ತರಿಸುವ ಸಂಗತಿ. ಎಪ್ಪತ್ತು ದಾಟಿದ ಮುದುಕಿ ಹಿಂದಿ ಕಲಿಯಬೇಕೋ, ಪಗಾರ ತೆಗೆದುಕೊಳ್ಳುವ ಇಪ್ಪತ್ತೈದರ ಹುಡುಗ ಕನ್ನಡ ಕಲಿಯಬೇಕೋ? ಮತ್ತೆ ನಮ್ಮ ಅಜ್ಜಿಯ ಕುಲಕರ್ಣಿ ಕಾಲಕ್ಕೇ ಬಂದು ನಿಂತೆವು ಅನ್ನಿಸಿತು.

ಇಂಥದ್ದು ನಮಗೊಬ್ಬರಿಗೇ ಅಲ್ಲ. ನಮ್ಮ ಸಂವಿಧಾನದಲ್ಲಿ ಹದಿನೈದು ವರ್ಷ ಇಂಗ್ಲಿಷ್ ನಡೆಯಲಿ, ಆಮೇಲೆ ಕೇಂದ್ರದ ಆಡಳಿತಕ್ಕೆ ಹಿಂದಿ ಎಂದಿತ್ತು. ಆ ಗಡುವು 1965ರ ಜನವರಿ 26ಕ್ಕೆ ಮುಗಿದಾಗ ತಮಿಳುನಾಡು ಹೊತ್ತಿ ಉರಿಯಿತು. 1967ರಲ್ಲಿ ಕಾಯಿದೆ ತಿದ್ದಿ ಇಂಗ್ಲಿಷನ್ನೂ ಉಳಿಸಿದರು. ಇತ್ತೀಚಿನದು 2025ರದು. ಮಹಾರಾಷ್ಟ್ರ ಸರ್ಕಾರ ಏಪ್ರಿಲ್‌ನಲ್ಲಿ ಒಂದನೇ ಇಯತ್ತೆಯಿಂದಲೇ ಹಿಂದಿ ಕಡ್ಡಾಯ ಎಂದಿತು. ಮರಾಠಿಯವರು ಪಕ್ಷಭೇದ ಬಿಟ್ಟು ಎದ್ದರು. ಜೂನ್ 29ಕ್ಕೆ ಆ ಆಜ್ಞೆಯನ್ನು ಹಿಂದೆ ತೆಗೆದುಕೊಳ್ಳಬೇಕಾಯಿತು. ಆಗ ನಮ್ಮ ಓಣಿಯಲ್ಲಿ ಕೆಲವರು, "ನಮಗ ಮರಾಠಿ ಹೇರಿದವರಿಗೆ ಈಗ ತಿಳೀತು" ಎಂದು ನಕ್ಕರು. ನನಗೆ ನಗು ಬರಲಿಲ್ಲ, ಸಂತೋಷವೇ ಆಯಿತು. ಆರು ವರ್ಷದ ಕೂಸಿಗೆ ಮೂರು ಭಾಷೆ ಕಲಿಸುವ ಪಾಡು ಸಾಂಗಲಿಯ ತಾಯಿಗೂ ಅಷ್ಟೇ, ರಬಕವಿಯ ತಾಯಿಗೂ ಅಷ್ಟೇ.

ಹೇರುವುದು ಯಾವಾಗಲೂ ದೊಡ್ಡ ಭಾಷೆಯೇ, ದಿಲ್ಲಿಯಿಂದಲೇ ಎಂದುಕೊಳ್ಳಬೇಡಿ. ಅಸ್ಸಾಮಿನ ಶಿಲ್ಚರ್ ಎಂಬ ಊರಿನ ಸಂಗತಿ ನಮ್ಮ ಕಡೆ ಯಾರೂ ಹೇಳುವುದಿಲ್ಲ. ಆ ಬರಾಕ್ ಕಣಿವೆಯ ಜನ ಹೆಚ್ಚಾಗಿ ಬಂಗಾಲಿ ಆಡುವವರು. 1960ರಲ್ಲಿ ಅಸ್ಸಾಮಿ ಒಂದೇ ರಾಜ್ಯದ ಆಡಳಿತ ಭಾಷೆ ಎಂದು ಕಾಯಿದೆಯಾಯಿತು. 1961ರ ಮೇ 19ರಂದು ಶಿಲ್ಚರ್ ರೈಲು ನಿಲ್ದಾಣದಲ್ಲಿ ಸತ್ಯಾಗ್ರಹ ಕೂತವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹನ್ನೊಂದು ಜೀವ ಹೋದವು. ಹತ್ತು ಮಂದಿ ಗಂಡಸರು, ಒಬ್ಬಳು ಹುಡುಗಿ. ಕಮಲಾ ಭಟ್ಟಾಚಾರ್ಯ, ವಯಸ್ಸು 16. ಆಗಷ್ಟೇ ಮೆಟ್ರಿಕ್ ಪರೀಕ್ಷೆ ಬರೆದು ಮುಗಿಸಿದ್ದಳು. ನಮ್ಮ ಮನೆಗಳಲ್ಲೂ ಹತ್ತನೇ ಇಯತ್ತೆ ಮುಗಿಸಿದ ಹುಡುಗಿಯರು ಇದ್ದಾರೆ, ಫಲಿತಾಂಶಕ್ಕೆ ಕಾಯುತ್ತ ರಂಗೋಲಿ ಪುಸ್ತಕ ತಿರುವಿಹಾಕುತ್ತ ಕೂತಿರುತ್ತಾರೆ. ಅಂಥವಳು. ಆಮೇಲೆ ಆ ಕಣಿವೆಗೆ ಬಂಗಾಲಿ ಭಾಷೆಯನ್ನು ಒಪ್ಪಿಕೊಂಡರು. ಇದಕ್ಕೂ ಮುಂಚೆ 1952ರ ಫೆಬ್ರುವರಿ 21ರಂದು ಢಾಕಾದಲ್ಲಿ, ಉರ್ದು ಒಂದೇ ಸಾಕೆಂದವರ ಎದುರು ನಿಂತು ಬಂಗಾಲಿ ಹುಡುಗರು ಸತ್ತಿದ್ದರು. ಜಗತ್ತು ಈಗ ಅದೇ ತಾರೀಖನ್ನು ತಾಯಿನುಡಿಯ ದಿನ ಎಂದು ಆಚರಿಸುತ್ತದೆ.

ಹಾಗಾದರೆ ನಮ್ಮ ಕನ್ನಡ ಯಾರನ್ನೂ ನೂಕುತ್ತಿಲ್ಲವೇ? ಇದನ್ನೂ ಕೇಳಿಕೊಳ್ಳಬೇಕು. ನಮ್ಮ ಬಾಗಲಕೋಟ, ವಿಜಾಪುರ ಸೀಮೆಯ ತಾಂಡಾಗಳಿಂದ ಲಂಬಾಣಿ ಮಕ್ಕಳು ಶಾಲೆಗೆ ಬರುತ್ತವೆ. ಮನೆಯಲ್ಲಿ ಆಡುವುದು ಲಂಬಾಣಿ, ಬಾಯಿ ತೆರೆದರೆ ಉಳಿದ ಮಕ್ಕಳು ನಗುತ್ತವೆ. ಇನ್ನೊಂದು ವಿಚಿತ್ರ ಕೇಳಿ. 2011ರ ಜನಗಣತಿಯಲ್ಲಿ ದೇಶದಲ್ಲಿ 32 ಲಕ್ಷಕ್ಕೂ ಹೆಚ್ಚು ಜನ ತಮ್ಮ ತಾಯಿನುಡಿ ಲಂಬಾಣಿ ಎಂದು ಹೇಳಿದರು. ಸರ್ಕಾರದ ಲೆಕ್ಕದ ಪುಸ್ತಕದಲ್ಲಿ ಅವರನ್ನೆಲ್ಲ ಹಿಂದಿಯ ಕೆಳಗೆ ಸೇರಿಸಿದ್ದಾರೆ! ಮಾರವಾಡಿ, ಭೋಜಪುರಿ ಆಡುವವರದೂ ಅದೇ ಕಥೆ. ಭೋಜಪುರಿಯವರೇ 5 ಕೋಟಿ, ನಮ್ಮ ಕನ್ನಡದವರು 4 ಕೋಟಿ 37 ಲಕ್ಷ. ಹೀಗೆ ಐವತ್ತಕ್ಕೂ ಹೆಚ್ಚು ನುಡಿಗಳನ್ನು ಒಂದೇ ಚೀಲಕ್ಕೆ ತುಂಬಿ ತೂಗಿದ ಮೇಲೆ ಹಿಂದಿ ನೂರಕ್ಕೆ 43 ಆಯಿತು. ಕನ್ನೇರಿ ಕುಪ್ಪಸಕ್ಕೆ ಕನ್ನಡಿ ಚೂರು ಹೊಲಿಯುತ್ತ ಕೂತ ತಾಂಡಾದ ತಾಯಿಗೆ ತಾನು ಹಿಂದಿಯವಳೆಂದು ಗೊತ್ತೇ ಇಲ್ಲ.

ಕನ್ನಡದೊಳಗೇ ನೋಡಿ. ಮುಧೋಳದ ಬೆಳಗಲಿಯ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ಸಾವಿರ ವರ್ಷದ ಹಿಂದೆ ಮಹಾಕವಿ ಆದ, ಊರಿಗೆ ರನ್ನಬೆಳಗಲಿ ಎಂದೇ ಹೆಸರು ನಿಂತಿದೆ. ಅದೇ ಊರಿನ ಮಾತನ್ನು ಟೀವಿಯಲ್ಲಿ ನಗಿಸುವುದಕ್ಕೆ ಇಟ್ಟುಕೊಂಡಿದ್ದಾರೆ. 9ನೇ ಶತಮಾನದ 'ಕವಿರಾಜಮಾರ್ಗ' ಎಷ್ಟು ದೊಡ್ಡ ಮನಸ್ಸಿನದು ನೋಡಿ, ಕನ್ನಡಗಳು ಎಂದು ಬಹುವಚನದಲ್ಲೇ ಹೇಳಿತು. ಅವುಗಳ ಬಗೆಯನ್ನು ಪೂರ್ತಿ ತಿಳಿಯಹೋದರೆ ಸಾವಿರ ನಾಲಿಗೆಯ ವಾಸುಕಿಗೂ ಬೇಸರ ಬಂದೀತು ಎಂದಿತು. ನಿಮ್ಮ ಮಗಳು ಬೆಂಗಳೂರಿನ ಹಾಸ್ಟೆಲಿಗೆ ಹೋಗಿ "ಮಾಡಾಕತ್ತೀನಿ" ಅನ್ನುವುದಕ್ಕೆ ನಾಚಿಕೊಂಡರೆ ಇದನ್ನು ಹೇಳಿ.

ಮಾತು ಬಹಳವಾಯಿತು. ಕೆಲವು ಉಪಯೋಗದ ಸಂಗತಿ ಹೇಳಿಬಿಡುತ್ತೇನೆ. ಬ್ಯಾಂಕಿನ ಖಾತೆ ತೆರೆಯುವ ಫಾರಂ, ಹಣ ಕಟ್ಟುವ ಚೀಟಿ, ಪಾಸ್‌ಬುಕ್ಕು ಇವು ಹಿಂದಿ, ಇಂಗ್ಲಿಷಿನ ಜೊತೆ ಆಯಾ ಪ್ರಾಂತದ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕೇ ಹೇಳಿದೆ. ಚೆಕ್ಕನ್ನು ಕನ್ನಡದಲ್ಲಿ ಬರೆಯಬಹುದು, ಸಹಿಯನ್ನೂ ಕನ್ನಡದಲ್ಲೇ ಮಾಡಬಹುದು. "ಇಂಗ್ಲಿಷನ್ಯಾಗ ಬರೀರಿ" ಎಂದರೆ ಸಿಟ್ಟು ಮಾಡದೆ ನಗುತ್ತಲೇ, "ಕನ್ನಡದ ಫಾರಂ ಕೊಡ್ರಿ" ಎಂದು ನಿಂತುಕೊಳ್ಳಿ. ಎರಡು ಸಲ ಇರುವುದಿಲ್ಲ, ಮೂರನೇ ಸಲ ಇರುತ್ತದೆ. ಸಂವಿಧಾನದ 350ನೇ ವಿಧಿ ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಕೇಂದ್ರದ ಅಧಿಕಾರಿಯೇ ಇರಲಿ, ನಿಮ್ಮ ತಕರಾರಿನ ಅರ್ಜಿಯನ್ನು ದೇಶದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡುವ ಹಕ್ಕು ಅದರಿಂದ ನಿಮಗಿದೆ. ಮಕ್ಕಳಿಗೂ ದಾರಿ ಸ್ವಲ್ಪ ತೆರೆದಿದೆ. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದೆಂದು 2019ರಲ್ಲಿ ಸಾರಿದರು. 2024ರಲ್ಲಿ ಕೇಂದ್ರ ಪೊಲೀಸ್ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆ ಕನ್ನಡವೂ ಸೇರಿ 13 ಪ್ರಾಂತೀಯ ಭಾಷೆಗಳಲ್ಲಿ ನಡೆಯಿತು. ಜನ ಕೇಳಿದ್ದಕ್ಕೆ ಆದದ್ದು ಇವು, ತಾವಾಗಿ ಆದದ್ದಲ್ಲ.

ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಎಂದು ಗೊತ್ತುಮಾಡಿದ್ದಾರೆ. ಗಣತಿಯವರು ಬಂದಾಗ ಪಡಸಾಲೆಯಲ್ಲಿ ಗಂಡಸರು ಹೇಳಿದ್ದನ್ನೇ ಬರೆದುಕೊಂಡು ಹೋಗುವುದು ವಾಡಿಕೆ. ಈ ಸಲ ಒಲೆ ಸಣ್ಣಗೆ ಮಾಡಿ ನೀವೂ ಹೊರಗೆ ಬನ್ನಿ. ತಾಯಿನುಡಿ ಯಾವುದೆಂದು ಕೇಳಿದಾಗ ನಿಮ್ಮ ಅವ್ವ ನಿಮ್ಮ ಜೊತೆ ಆಡಿದ ನುಡಿ ಯಾವುದೋ ಅದನ್ನೇ ಬರೆಯಿಸಿ. ಕನ್ನಡವಿರಲಿ, ಲಂಬಾಣಿ ಇರಲಿ, ಮರಾಠಿ, ತೆಲುಗು, ಉರ್ದು ಯಾವುದೇ ಇರಲಿ. ತಾಂಡಾದ ಪರಿಚಯದವರಿದ್ದರೆ ಅವರಿಗೂ ಹೇಳಿ. ಬಲ್ಲ ಬೇರೆ ಭಾಷೆ ಯಾವುವು ಎಂದೂ ಕೇಳುತ್ತಾರೆ, ಎರಡಕ್ಕೆ ಮಾತ್ರ ಜಾಗ. ನಮ್ಮ ಕಡೆಯ ಹೆಂಗಸರಿಗೆ ಯಾವ ಎರಡು ಹೇಳಿ ಯಾವುದನ್ನು ಬಿಡುವುದು ಎಂಬುದೇ ಕಷ್ಟ.

ಬರುವ ಸಂಚಿಕೆಯಲ್ಲಿ, ಬಹಳ ಮಂದಿ ಪತ್ರ ಬರೆದು ಕೇಳಿದ ಅಗಸಿ ಚಟ್ನಿ, ಗುರೆಳ್ಳು ಚಟ್ನಿ ಮಳೆಗಾಲದಲ್ಲೂ ಕೆಡದ ಹಾಗೆ ಇಡುವ ಬಗೆ ಬರೆಯುತ್ತೇನೆ.